ಹೆಸರು ಬರೀಬೇಡಿ ಅಂದ ಮೇಷ್ಟ್ರು

ಗೋವಿಂದಯ್ಯನವರ ಮುಖ ಸದಾ ಒಂದಿಷ್ಟು ಎಡಕ್ಕೆ ಹೊರಳಿರುತ್ತಿತ್ತು. ಹೊಸದಾಗಿ ಕಂಡವರಿಗೆ ಅದು ಎದುರಿನವರನ್ನು ನೇರವಾಗಿ ನೋಡಲೊಲ್ಲದ ಗರ್ವದ ಭಂಗಿಯಂತೆ ಕಾಣುತ್ತಿತ್ತು. ನಿಜಸಂಗತಿಯೆಂದರೆ, ಭೀಮನಬೀಡಿನಲ್ಲಿ ಕಳೆದ ಬಾಲ್ಯದಲ್ಲಿ ಕಿವಿ ಸೋರಿ ಸೋರಿ, ಬೆಳ್ಳುಳ್ಳಿ ಎಣ್ಣೆಯ ಮದ್ದಿನಲ್ಲೇ ವರ್ಷಗಳುರುಳಿ, ಅವರ ಎಡಗಿವಿ ಪೂರ್ತಿ ಹೋಗಿತ್ತು. ಉಳಿದ ಬಲಗಿವಿಯನ್ನು ಎದುರಿನವರಿಗೆ ಒಡ್ಡುತ್ತಿದ್ದರು, ಅಷ್ಟೆ. ಚಾಮರಾಜನಗರದ ಅಂಚಿನಲ್ಲಿದ್ದ ನಮ್ಮ ಕಾಲೇಜಿನ ಪಡಸಾಲೆಯಲ್ಲಿ ನಡೆಯುವಾಗ ಜೊತೆಯವರನ್ನು ತೋಳು ಹಿಡಿದು ತಮ್ಮ ಬಲಕ್ಕೆ ಎಳೆದುಕೊಳ್ಳುತ್ತಿದ್ದರು. ಎಡಗಡೆ ನಿಂತು ಏನಾದರೂ ಅಂದರೆ, ನಿಂತು, ಇಡೀ ದೇಹವನ್ನೇ ತಿರುಗಿಸಿ, "ಇನ್ನೊಂದ್ಸಲ ಹೇಳಿ" ಎನ್ನುತ್ತಿದ್ದರು. ಆ ಮಾತು ಅವರ ಬಾಯಿಂದ ದಿನಕ್ಕೆ ನೂರು ಸಲ ಬರುತ್ತಿತ್ತು.

ಅವರು ಅರ್ಥಶಾಸ್ತ್ರದ ಅಧ್ಯಾಪಕರು, ನಾನು ಕನ್ನಡದವನು. ಏಳು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತಿದ್ದೆವು. ದಿನವೂ ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಅವರು, ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಬೂದಿ ಬಣ್ಣದ ತೋಳಿಲ್ಲದ ಸ್ವೆಟರೊಂದನ್ನು ಬಿಡುತ್ತಿರಲಿಲ್ಲ. "ಸೆಕೆ ಆಗಲ್ವಾ ಸಾರ್?" ಎಂದು ಕೇಳಿದರೆ, "ಆಗ್ತದೆ" ಎನ್ನುತ್ತಿದ್ದರೇ ಹೊರತು ಬಿಚ್ಚುತ್ತಿರಲಿಲ್ಲ.

ಅವರ ಹಟದ ಅಭ್ಯಾಸವೊಂದು ಹುಟ್ಟಿಕೊಂಡದ್ದು ಆ ಕಿವಿಯಿಂದಲೇ. ಹಿಂದಿನ ಬೆಂಚಿನವರು ಕೇಳಿದ ಸಂದೇಹಗಳು ತಮ್ಮನ್ನು ತಲುಪುತ್ತಿಲ್ಲವೆಂಬ ಅನುಮಾನ ಬಂದು, ಸೆಮಿಸ್ಟರಿನ ಐದನೆಯ ವಾರ ಪ್ರತಿಯೊಬ್ಬರಿಗೂ ಅಂಗೈಯಗಲದ ಚೀಟಿ ಹಂಚಿದರು. ಪ್ರಶ್ನೆ ಎರಡೇ: ಎಲ್ಲಿ ಅರ್ಥವಾಗಲಿಲ್ಲ? ನಾನು ಏನನ್ನು ಬದಲಾಯಿಸಬೇಕು? "ಹೆಸರು ಬರೀಬೇಡಿ" ಎಂದರು. ಬಂದ ಚೀಟಿಗಳಲ್ಲಿ ಒಂದರಲ್ಲಿ, "ನಿಮಗೆ ಕೇಳಿಸಲ್ಲ ಅಂತ ನಾವು ಕೇಳೋದೇ ಬಿಟ್ಟಿದ್ದೀವಿ ಸಾರ್" ಎಂದಿತ್ತು. ಆ ಚೀಟಿಯನ್ನು ನನಗೆ ತೋರಿಸಿದಾಗ ಅವರ ಮುಖದಲ್ಲಿ ನೋವಿಗಿಂತ ಹೆಚ್ಚಾಗಿ, ಬಹುಕಾಲದ ಕಾಯಿಲೆಗೆ ಕೊನೆಗೂ ಒಂದು ಹೆಸರು ಸಿಕ್ಕಿದವರ ಸಮಾಧಾನವಿತ್ತು.

ಅಲ್ಲಿಂದ ಮುಂದೆ ಪ್ರತಿ ಸೆಮಿಸ್ಟರಿನ ಐದನೆಯ ವಾರ ಚೀಟಿ ಹಂಚುವುದು ತಪ್ಪಲಿಲ್ಲ. ಮರುದಿನವೇ ತರಗತಿಯಲ್ಲಿ ಚೀಟಿಗಳನ್ನು ಒಂದೊಂದಾಗಿ ಓದಿ, "ಇದು ನನ್ ಕೈಲಾಗ್ತದೆ, ಇದು ಆಗಲ್ಲ, ಯಾಕಂದ್ರೆ..." ಎಂದು ಎಲ್ಲರೆದುರು ಉತ್ತರ ಕೊಡುತ್ತಿದ್ದರು. ಹಳ್ಳಿಯ ಬಸ್ಸುಗಳು ತಡವಾಗಿ ಬರುವುದರಿಂದ ಮೊದಲ ಪೀರಿಯಡ್ಡಿನ ಮುಖ್ಯಭಾಗ ಪ್ರತಿದಿನ ತಪ್ಪುತ್ತದೆಂದು ಯಾರೋ ಬರೆದಾಗ, ಮೊದಲ ಹತ್ತು ನಿಮಿಷ ಹಳೆಯದರ ಪುನರಾವರ್ತನೆಗೆ ಬಿಟ್ಟು, ಹೊಸದನ್ನು ಆಮೇಲೆ ಶುರುಮಾಡಿದರು. ಬೇಡಿಕೆ ಪೂರೈಕೆಯ ರೇಖೆ ತಲೆಗೆ ಹತ್ತುತ್ತಿಲ್ಲವೆಂದು ಬರೆದವರಿಗಾಗಿ ಸಂತೆಮರಹಳ್ಳಿ ಸಂತೆಯ ಟೊಮೆಟೊ ಬೆಲೆಯನ್ನು ನಾಲ್ಕು ವಾರ ಬರೆದುಕೊಂಡು ಬರಲು ಹುಡುಗರಿಗೇ ಹೇಳಿ, ಅದರಿಂದಲೇ ಬೋರ್ಡಿನ ಮೇಲೆ ರೇಖೆ ಎಳೆದರು.

"ಚೆನ್ನಾಗದೆ ಅಂತ ಬರ್ದವನು ನಂಗೇನೂ ಹೇಳ್ನಿಲ್ಲ ಶಂಕರ್," ಎಂದು ಒಮ್ಮೆ ನನಗೆ ಹೇಳಿದ್ದರು. "ಮೂರ್ನೇ ಪಾಠದಲ್ಲಿ ಕಳ್ದೋದೆ ಅಂದ ನೋಡಿ, ಅವನು ಹೇಳ್ದ."

ಎರಡು ವರ್ಷಗಳ ಹಿಂದೆ ಕಾಲೇಜಿನ ಗುಣಮಟ್ಟ ಪರಿಶೀಲನೆಗೆ ತಂಡವೊಂದು ಬರುವುದಿತ್ತು. ಎಲ್ಲ ವಿಷಯಗಳಿಗೂ ವಿದ್ಯಾರ್ಥಿಗಳ ಅಭಿಪ್ರಾಯ ಸಂಗ್ರಹಿಸಬೇಕೆಂದು ಪ್ರಾಂಶುಪಾಲರು ಸಮಿತಿ ಮಾಡಿ, ಗೋವಿಂದಯ್ಯನವರಿಗೆ ಅದರ ಹೊಣೆ ಒಪ್ಪಿಸಿ, ನನ್ನನ್ನೂ ಸೇರಿಸಿದರು. ಅಷ್ಟು ಉತ್ಸಾಹದಲ್ಲಿ ಅವರನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಬರೀ ಒಂದರಿಂದ ಐದರವರೆಗೆ ಗುರುತು ಹಾಕಿಸಿದರೆ ಏನೂ ತಿಳಿಯುವುದಿಲ್ಲವೆಂದು ವಾದಿಸಿ, ಕನ್ನಡದಲ್ಲೇ ಬರೆಯಲು ಜಾಗ ಬಿಡಿಸಿದರು. ಫಾರಂ ಮೊಬೈಲಿನಲ್ಲಿ ತುಂಬುವಂಥದ್ದು. ಒಬ್ಬರೇ ಎರಡು ಸಲ ತುಂಬದಿರಲೆಂದು ಫೋನ್ ನಂಬರ್ ಕೇಳುತ್ತಿತ್ತು. "ನಂಬರ್ ಯಾರಿಗೂ ಕಾಣಲ್ಲ" ಎಂದು ಕಚೇರಿಯವರು ಭರವಸೆ ಕೊಟ್ಟರು. ಗೋವಿಂದಯ್ಯನವರು ತರಗತಿಯಿಂದ ತರಗತಿಗೆ ಹೋಗಿ, "ನಿಜ ಬರೀರಿ. ಯಾರು ಬರ್ದೋರು ಅಂತ ಯಾರ್ಗೂ ಗೊತ್ತಾಗಲ್ಲ. ನನ್ ಮಾತು" ಎಂದರು.

ಬಂದ ಉತ್ತರಗಳಲ್ಲಿ ಬಹುಪಾಲು ಒಂದೆರಡು ಪದದವು. ಒಂದು ಮಾತ್ರ ಹಾಗಿರಲಿಲ್ಲ: "ರಾಜ್ಯಶಾಸ್ತ್ರದ ಕ್ಲಾಸು ಈ ಸೆಮಿಸ್ಟರಿನಲ್ಲಿ ಹನ್ನೊಂದು ಸಲ ಮಾತ್ರ ನಡೆದಿದೆ. ದಿನಾಂಕ ಬರೆದಿಟ್ಟುಕೊಂಡಿದ್ದೇನೆ." ಕೆಳಗೆ ಹನ್ನೊಂದು ದಿನಾಂಕಗಳು. ಬೈಗುಳವಿಲ್ಲ, ವ್ಯಂಗ್ಯವಿಲ್ಲ. ಗೋವಿಂದಯ್ಯನವರು ಅದನ್ನು ಎರಡು ಸಲ ಓದಿ, "ಇಂಥದ್ದು ಬೇಕಾಗಿತ್ತು" ಎಂದರು.

ರಾಜ್ಯಶಾಸ್ತ್ರ ವಿಭಾಗದ ಮುಖ್ಯಸ್ಥ ರಘುನಾಥ್ ಮೂರನೆಯ ದಿನ ಕಚೇರಿಯಿಂದ ಪೂರ್ತಿ ಪಟ್ಟಿಯನ್ನೇ ತರಿಸಿಕೊಂಡರು. ಗೋವಿಂದಯ್ಯನವರು ಪಾಠದಲ್ಲಿದ್ದರು; ಸ್ಟಾಫ್ ರೂಮಿನಲ್ಲಿ ನಾನಿದ್ದೆ. ಮೇಜಿನ ಮೇಲೆ ಹರಡಿದ ಹಾಳೆಯಲ್ಲಿ ಪ್ರತಿ ಉತ್ತರದ ಪಕ್ಕದಲ್ಲೂ ಫೋನ್ ನಂಬರಿತ್ತು. ರಘುನಾಥ್ ಒಂದು ನಂಬರಿನ ಮೇಲೆ ಬೆರಳಿಟ್ಟು, ಹಾಜರಾತಿ ಪುಸ್ತಕದಲ್ಲಿದ್ದ ನಂಬರುಗಳ ಜೊತೆ ಹೋಲಿಸುತ್ತಿದ್ದುದನ್ನು ನಾನು ಕಂಡೆ. ಅದು ಮಾಡಬಾರದ್ದು ಎಂದು ಹೇಳುವ ಅಧಿಕಾರ ಸಮಿತಿಯ ಸದಸ್ಯನಾಗಿ ನನಗಿತ್ತು. ನಾನು ಚಹಾ ಕುಡಿದು ಮುಗಿಸಿ ಹೊರಗೆ ಹೋದೆ.

ಬರೆದವಳು ರಮ್ಯ, ಎರಡನೆಯ ವರ್ಷದ ಬಿ.ಎ. ಹುಡುಗಿ, ಉಡಿಗಾಲದ ಕೂಲಿ ಹೆಂಗಸು ಕರಿಯಮ್ಮನ ಮಗಳು. ಆಕೆಯನ್ನು ಪ್ರಾಂಶುಪಾಲರ ಕೋಣೆಗೆ ಕರೆಸಿ, ಒಂದು ಗಂಟೆ ನಿಲ್ಲಿಸಿ, ಕ್ಷಮಾಪಣೆ ಪತ್ರ ಬರೆಸಿಕೊಂಡರು. ಅಲ್ಲಿಂದ ಹೊರಬಂದವಳು ನೇರವಾಗಿ ಗೋವಿಂದಯ್ಯನವರ ಬಳಿ ಬಂದಳು. ಅವರ ಎಡಗಡೆ ನಿಂತು, ತಲೆ ತಗ್ಗಿಸಿ, ಏನೋ ಅಂದಳು.

ಅವರು ತಿರುಗಿದರು. "ಇನ್ನೊಂದ್ಸಲ ಹೇಳು ತಾಯಿ."

ಆಕೆ ಮತ್ತೆ ಅಂದಳು. ಅವರು ಬಲಗಿವಿಯ ಹಿಂದೆ ಅಂಗೈ ಹಿಡಿದು ಬಾಗಿದರು. ಮೂರನೆಯ ಸಲ ಆಕೆಗೆ ಕೂಗಿಯೇ ಹೇಳಬೇಕಾಯಿತು, ಇಡೀ ಪಡಸಾಲೆಗೆ ಕೇಳಿಸುವಂತೆ: "ಯಾರ್ಗೂ ಗೊತ್ತಾಗಲ್ಲ ಅಂದಿದ್ರಲ್ಲ ಸಾರ್!"

ಗೋವಿಂದಯ್ಯನವರು ಅಲ್ಲಿಂದಲೇ ಪ್ರಾಂಶುಪಾಲರ ಕೋಣೆಗೆ ಹೋದರು. "ಬರೆಯಿರಿ ಎಂದವನು ನಾನು, ಕ್ಷಮಾಪಣೆ ಪತ್ರ ನನ್ನಿಂದ ಬರೆಸಿಕೊಂಡು ಅವಳದನ್ನು ಹರಿದುಹಾಕಿ" ಎಂದು ಕೇಳಿದರು. ಪ್ರಾಂಶುಪಾಲರು ನಕ್ಕು, "ಬುಡಿ ಸಾರ್, ಮುಗ್ದೋಯ್ತಲ್ಲ" ಎಂದರಂತೆ. ಮುಗಿದಿರಲಿಲ್ಲ. ರಾಜ್ಯಶಾಸ್ತ್ರದ ಆಂತರಿಕ ಅಂಕಗಳಲ್ಲಿ ರಮ್ಯಳಿಗೆ ಇಡೀ ತರಗತಿಯಲ್ಲೇ ಕಡಿಮೆ ಬಂತು. ಮುಂದಿನ ಸೆಮಿಸ್ಟರಿಗೆ ಆಕೆ ಬರಲಿಲ್ಲ.

ಒಂದು ಭಾನುವಾರ ಗೋವಿಂದಯ್ಯನವರು ನನ್ನನ್ನೂ ಕರೆದುಕೊಂಡು ಉಡಿಗಾಲಕ್ಕೆ ಹೋದರು. ಹುಡುಗಿ ಬಟ್ಟೆ ಕಾರ್ಖಾನೆಯ ಕೆಲಸಕ್ಕೆ ಹೋಗಿದ್ದಳು. ಕರಿಯಮ್ಮ ನಮ್ಮನ್ನು ಜಗುಲಿಯ ಮೇಲೆ ಕೂರಿಸಿ, ನೀರು ಕೊಟ್ಟು, ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು: ಬೇರೆ ಕಾಲೇಜಿಗೆ ಸೇರಿಸುತ್ತೇನೆ, ಓಡಾಟ ನಾನು ನೋಡಿಕೊಳ್ಳುತ್ತೇನೆ, ಒಂದು ವರ್ಷ ಹಾಳಾಗುವುದು ಬೇಡ.

"ನೀವು ಒಳ್ಳೇರೇ ಕಣ್ ಸಾ," ಎಂದಳು ಕರಿಯಮ್ಮ, ಸಿಟ್ಟಿಲ್ಲದೆ. "ಬೈದೋರು ಅವರು, ಅದು ದಿಟ. ಆದ್ರೆ ನಮ್ ಮಗೀನ ಬರಿ ಅಂದೋರು ನೀವೇ ಅಲ್ವಾ? ಇನ್ ಬುಟ್ಬುಡಿ, ಅವ್ಳ ಪಾಡಿಗೆ ಅವ್ಳು ಇರ್ಲಿ."

ಬಸ್ ಸ್ಟಾಪಿನವರೆಗೆ ಅವರು ನನ್ನನ್ನು ಬಲಕ್ಕೆ ಎಳೆದುಕೊಳ್ಳಲಿಲ್ಲ. ಆ ಹಾಳೆಯನ್ನು ಕಂಡೂ ಸುಮ್ಮನಿದ್ದೆನೆಂದು ಅವತ್ತು ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವರ ಎಡಗಡೆ ನಡೆಯುತ್ತಿದ್ದೇನೆಂದು ನನಗೆ ಗೊತ್ತಿತ್ತು. ಹೇಳಿದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಲಿಲ್ಲ.

ಪರಿಶೀಲನಾ ತಂಡ ಬಂದು, ವಿದ್ಯಾರ್ಥಿಗಳ ಅಭಿಪ್ರಾಯ ಸಂಗ್ರಹದ ಕ್ರಮವನ್ನು ಮೆಚ್ಚಿ ಬರೆದು ಹೋಯಿತು. ಆ ಸೆಮಿಸ್ಟರಿನ ಐದನೆಯ ವಾರವೂ ಗೋವಿಂದಯ್ಯನವರು ಚೀಟಿ ಹಂಚಿದರು. ನಲವತ್ತೆರಡು ಚೀಟಿಗಳು ವಾಪಸ್ಸು ಬಂದವು; ನಲವತ್ತೆರಡರಲ್ಲೂ "ಚೆನ್ನಾಗಿದೆ ಸಾರ್." ಮರುದಿನ ತರಗತಿಯಲ್ಲಿ ಮೂರು ಚೀಟಿ ಓದಿದರಂತೆ; ನಾಲ್ಕನೆಯದನ್ನು ಓದದೆ ಮಡಚಿ, ಪಾಠ ಶುರುಮಾಡಿದರಂತೆ. ಮತ್ತೆ ಹಂಚಲಿಲ್ಲ. ಇನ್ನೂ ಆರು ವರ್ಷ ಸೇವೆ ಬಾಕಿಯಿದ್ದಾಗಲೇ ಸ್ವಯಂ ನಿವೃತ್ತಿ ಪಡೆದು, ಗುಂಡ್ಲುಪೇಟೆಯ ಮನೆಯಲ್ಲಿದ್ದಾರೆ. ಕಂಡಾಗ ಚೆನ್ನಾಗಿ ಮಾತಾಡಿಸುತ್ತಾರೆ. ಕಾಲೇಜಿನ ಸುದ್ದಿ ಕೇಳುವುದಿಲ್ಲ.

ಇಂಥವರು ಎಲ್ಲ ಸಂಸ್ಥೆಗಳಲ್ಲೂ ಒಬ್ಬಿಬ್ಬರಿರುತ್ತಾರೆ. ತಮ್ಮ ಕೊರತೆಯನ್ನು ಇನ್ನೊಬ್ಬರಿಂದ ಕೇಳಿ ತಿಳಿಯುವುದು ಅವರಿಗೆ ಎಷ್ಟು ಸಹಜವೆಂದರೆ, ಉಳಿದವರೂ ಹಾಗೆಯೇ ಇರಬಹುದೆಂದು ನಂಬಿಬಿಡುತ್ತಾರೆ. ಆ ನಂಬಿಕೆಯ ಬಲದ ಮೇಲೆ, ತಮ್ಮದಲ್ಲದ ವ್ಯವಸ್ಥೆಯ ಪರವಾಗಿ, ತಮ್ಮ ಮಾತನ್ನು ಕೊಟ್ಟುಬಿಡುತ್ತಾರೆ. ಮಾತು ಮುರಿದವರು ನೆಮ್ಮದಿಯಾಗಿ ಬಡ್ತಿ ಪಡೆಯುತ್ತಾರೆ, ಕೊಟ್ಟವರು ಅದರ ಚೂರುಗಳನ್ನು ಒಬ್ಬರೇ ಆಯುತ್ತಾ ಉಳಿಯುತ್ತಾರೆ. ಅವರ ಸುತ್ತ ನನ್ನಂಥವರು, ಎಲ್ಲವನ್ನೂ ಕಂಡು ಏನನ್ನೂ ಹೇಳದವರು, ಯಾವಾಗಲೂ ಹೆಚ್ಚಿನ ಸಂಖ್ಯೆಯಲ್ಲಿರುತ್ತೇವೆ. ಎಲ್ಲ ಮುಗಿದ ಮೇಲೆ ಅವರ ಬಗ್ಗೆ ಚೆನ್ನಾಗಿ ಬರೆಯುವವರೂ ನಾವೇ.