ಬಾಗಿಲು ತೆಗೆದರೆ ಮೊದಲು ಏನು ಕಾಣುತ್ತದೆ?

ಮೊದಲೇ ಹೇಳಿಬಿಡುತ್ತೇನೆ, ಮಗಳ ವಿಷಯ ಬಂದರೆ ನನ್ನ ಬಾಯಿಗೆ ಬೀಗವಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀವು ನಗಬಹುದು, ನಗಿ. ಆದರೆ ಮೊನ್ನೆ ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಮನೆ ಬಾಗಿಲಲ್ಲಿ ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ.

ನಾನು ಬೀಗ ರಿಪೇರಿಯವನು. ಬಸ್ ನಿಲ್ದಾಣದ ಎದುರು ಕಾಲು ಚಾಚಿದರೆ ಗೋಡೆ ತಾಗುವಷ್ಟು ದೊಡ್ಡ ಅಂಗಡಿ ನನ್ನದು. ಡೂಪ್ಲಿಕೇಟ್ ಕೀ ಮಾಡುತ್ತೇನೆ, ಕೀ ಕಳೆದುಕೊಂಡವರ ಮನೆಗೆ ಹೋಗಿ ಬೀಗ ತೆಗೆದುಕೊಡುತ್ತೇನೆ. ಹೆಂಡತಿ ಬಸ್ ಕಂಡಕ್ಟರ್. ಅವಳ ಡ್ಯೂಟಿ ಬೆಳಿಗ್ಗೆ ಐದಕ್ಕೇ ಶುರುವಾಗುವುದರಿಂದ ಎರಡೂವರೆ ವರ್ಷದ ಮಗಳು ಹಗಲೆಲ್ಲ ನನ್ನ ಪಾಲು. ಅಂಗಡಿಯ ಕೌಂಟರಿನ ಕೆಳಗೆ, ಕೆಟ್ಟ ಬೀಗಗಳ ಡಬ್ಬಿಯ ಪಕ್ಕದಲ್ಲಿ ಅವಳ ಕಾರ್ಖಾನೆ. ಕೈಗೆ ಸಿಕ್ಕಿದ್ದನ್ನು ಬಿಚ್ಚದೆ ಬಿಟ್ಟವಳಲ್ಲ, ಅದಕ್ಕೇ ಮನೆಯಲ್ಲಿ ಅವಳನ್ನು ಮೇಸ್ತ್ರಿ ಎಂದೇ ಕರೆಯುವುದು.

ಮೇಸ್ತ್ರಿಯ ಸಾಧನೆಗಳೆಲ್ಲ ಒಂದೊಂದು ಅವಾಂತರದ ಕೈಹಿಡಿದೇ ಬಂದವು. ಮೊದಲ ಹಲ್ಲು ಬಂದಿದೆ ಎಂದು ನಮಗೆ ಗೊತ್ತಾದದ್ದು ಅದು ನನ್ನ ಹೆಬ್ಬೆರಳಿಗೆ ನಾಟಿದಾಗ. ಮೊದಲ ಹೆಜ್ಜೆಯನ್ನು ಇಟ್ಟದ್ದು ನೇರವಾಗಿ ಕಲಸಿದ ಹಿಟ್ಟಿನ ಪಾತ್ರೆಗೆ. ಹೆಂಡತಿ ಚಪ್ಪಾಳೆ ತಟ್ಟುತ್ತಲೇ ಬೈದಳು, ಬೈಯುತ್ತಲೇ ಅತ್ತಳು. ಯಾರ ಆಸರೆಯೂ ಇಲ್ಲದೆ ಸ್ಟೂಲು ಹತ್ತಿದ ದಿನ ಗಿರಾಕಿಯೊಬ್ಬರ ಕಾರಿನ ಕೀಯನ್ನು ನೀರಿನ ಡ್ರಮ್ಮಿಗೆ ಎಸೆದಳು. ನಾನು ಇಡೀ ಡ್ರಮ್ಮು ಖಾಲಿ ಮಾಡಿ ಹುಡುಕಿಕೊಟ್ಟೆ. ಆ ಮಹಾಶಯ ಅಂದಿನಿಂದ ನಮ್ಮ ಅಂಗಡಿ ಕಡೆ ತಲೆ ಹಾಕಿಯೂ ಮಲಗಿಲ್ಲ. ಆದರೆ ಸ್ಟೂಲು ಹತ್ತಿದ್ದು ಹತ್ತಿದ್ದೇ ಅಲ್ಲವೇ!

ಮಾತು ಮಾತ್ರ ಬರಲಿಲ್ಲ. ಎಲ್ಲ ಸೇರಿಸಿ ಹನ್ನೊಂದೇ ಪದ. ಹೆಂಡತಿ ಅವನ್ನು ಚೀಟಿಯಲ್ಲಿ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದಾಳೆ. 'ಬೇಡ' ಮೊದಲನೆಯದು. 'ಬೀಗ' ನಾಲ್ಕನೆಯದು. 'ಅಪ್ಪ' ಒಂಬತ್ತನೆಯದು, ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಒಂದು ಪದಕ್ಕೆ ಇನ್ನೊಂದನ್ನು ಜೋಡಿಸಿ ಅವಳು ಆಡಿದ್ದೇ ಇಲ್ಲ. ಅವಳಿಗಿಂತ ಚಿಕ್ಕ ಮಕ್ಕಳು ಅಂಗಡಿ ಮುಂದೆ ಪಟಪಟ ಮಾತಾಡುತ್ತಾ ಹೋಗುವಾಗ ನಾನು ತಲೆ ಬಗ್ಗಿಸಿ ಅರ ಉಜ್ಜುತ್ತಿದ್ದೆ. ಬರುವ ವಾರ ಡಾಕ್ಟರಿಗೆ ತೋರಿಸುವುದೆಂದು ತೀರ್ಮಾನವಾಗಿತ್ತು. "ಎಲ್ಲ ಸರಿಹೋಗುತ್ತೆ ಬಿಡು" ಎಂದು ಹೆಂಡತಿಗೆ ಹೇಳುವವನು ನಾನೇ, ಒಳಗೊಳಗೇ ಪುಕಪುಕ ಎನ್ನುತ್ತಿದ್ದವನೂ ನಾನೇ.

ಇನ್ನು ನನ್ನ ಕಸುಬಿನ ಒಂದು ನಿಯಮ ಹೇಳಬೇಕು. ಕೀ ಕಳೆದಿದೆ, ಬಂದು ಬೀಗ ತೆಗೆಯಿರಿ ಎಂದು ಯಾರೇ ಕರೆಯಲಿ, ಬೀಗಕ್ಕೆ ಕೈ ಹಾಕುವ ಮುಂಚೆ ನಾನು ಒಂದು ಪ್ರಶ್ನೆ ಕೇಳುತ್ತೇನೆ: "ಬಾಗಿಲು ತೆಗೆದ್ರೆ ಮೊದಲು ಏನು ಕಾಣುತ್ತೆ?" ಮನೆಯವರಾದರೆ ಯೋಚಿಸುವುದಿಲ್ಲ. ಮುರಿದ ಸೈಕಲ್, ನೀಲಿ ಪರದೆ, ತಾತನ ಫೋಟೋ ಎಂದು ಥಟ್ಟನೆ ಹೇಳುತ್ತಾರೆ. ಕಳ್ಳನಾದರೆ ತಡವರಿಸುತ್ತಾನೆ. ಈ ಕೆಲಸ ಕಲಿಸಿದ ಮುದುಕ ನನಗೆ ಹೇಳಿಕೊಟ್ಟ ಮೊದಲ ಪಾಠ ಅದು. ನನ್ನ ಸೊಂಟದ ಮೇಲೆ ಕೂತು ಮೇಸ್ತ್ರಿ ಆ ಪ್ರಶ್ನೆಯನ್ನು ನೂರಾರು ಬಾಗಿಲುಗಳ ಮುಂದೆ ಕೇಳಿಸಿಕೊಂಡಿದ್ದಾಳೆ.

ಮೊನ್ನೆ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಒಂದೇ ನಿಮಿಷವಲ್ಲವೇ ಎಂದು ಕಸದ ಬುಟ್ಟಿ ಹೊರಗಿಡಲು ಹೋದೆ. ಬುಟ್ಟಿ ಇಟ್ಟು ತಿರುಗುವಷ್ಟರಲ್ಲಿ ಬಾಗಿಲು ಧಡ್ ಎಂದು ಮುಚ್ಚಿತು. ಆಮೇಲೆ ಒಳಗಿನಿಂದ ಚಿಲಕ ಸರಿದ ಸದ್ದು.

ನನಗೆ ಮೊದಲು ಆದದ್ದು ಖುಷಿ! ಹೌದು, ನಾಚಿಕೆ ಬಿಟ್ಟು ಹೇಳುತ್ತೇನೆ. ಎಷ್ಟು ದಿನದಿಂದ ಆ ಚಿಲಕದ ಜೊತೆ ಗುದ್ದಾಡುತ್ತಿದ್ದಳು, ಇವತ್ತು ಹಾಕಿಯೇಬಿಟ್ಟಳಲ್ಲ, ಭಲೇ ಮೇಸ್ತ್ರಿ ಎಂದುಕೊಂಡೆ. ಆ ಖುಷಿ ಒಂದು ಉಸಿರಿನಷ್ಟು ಹೊತ್ತು ಇದ್ದಿರಬೇಕು. ಆಮೇಲೆ ಹಾಲಿನ ನೆನಪಾಯಿತು.

ಎಂಥ ಬೀಗವಾದರೂ ಐದು ನಿಮಿಷ ಎಂದು ಅಂಗಡಿಯ ಮುಂದೆ ಬೋರ್ಡು ಬರೆಸಿದವನು ನಾನು. ಆದರೆ ಚಿಲಕಕ್ಕೆ ಕೀ ಹಾಕುವ ತೂತೇ ಇಲ್ಲ. ಮೇಲಿದ್ದ ಆ ಚಿಲಕವನ್ನು, ಆಗಾಗ ಬಂದುಹೋಗುವ ಅತ್ತೆಗೆ ಭುಜದ ನೋವು, ಕೈ ಎತ್ತಲಾಗದು ಎಂದು ಕೆಳಗೆ ಜಡಿದವನು ನಾನೇ. ಸಲೀಸಾಗಿ ಸರಿಯಲಿ ಎಂದು ಎಣ್ಣೆ ಹಾಕಿದವನೂ ನಾನೇ. ಕಳ್ಳರ ಭಯಕ್ಕೆ ಬಾಗಿಲಿಗೆ ಕಬ್ಬಿಣದ ಪಟ್ಟಿ ಹೊಡೆಸಿದ್ದೆ. ಕಿಟಕಿಗಳೆಲ್ಲ ರಸ್ತೆಯ ಕಡೆಗಿವೆ, ನಾವಿರುವುದು ಎರಡನೇ ಮಹಡಿ, ಸಾಲದ್ದಕ್ಕೆ ಸರಳುಗಳು. ನನ್ನ ಬುದ್ಧಿವಂತಿಕೆಯೆಲ್ಲ ಒಟ್ಟಾಗಿ ನನ್ನನ್ನೇ ಹೊರಗೆ ಹಾಕಿತ್ತು.

"ಮೇಸ್ತ್ರಿ, ಚಿಲಕ ತೆಗಿಯಮ್ಮ. ಹೇಗೆ ಹಾಕಿದೆ? ಹಾಗೇ ಈ ಕಡೆ ಎಳಿ, ಬಂಗಾರ."

ಬಾಗಿಲ ಕೆಳಗಿನ ಸಂದಿಯಲ್ಲಿ ನಾಲ್ಕು ಪುಟ್ಟ ಬೆರಳು ಕಂಡವು. ಕಿಲಕಿಲ ನಗು ಕೇಳಿಸಿತು. ಬಾಗಿಲು ಒಡೆಯೋಣವೆಂದರೆ ಮಗು ಅದಕ್ಕೇ ಒರಗಿ ಕೂತಿದೆ. ಸದ್ದು ಕೇಳಿ ಎದುರುಮನೆಯ ದರ್ಜಿಯಕ್ಕ ಕೊರಳಿಗೆ ಟೇಪು ಹಾಕಿಕೊಂಡೇ ಹೊರಬಂದಳು.

"ಏನ್ ಬೀಗದಣ್ಣ, ನಿಮ್ಮನ್ನೇ ಹೊರಗೆ ಹಾಕಿದ್ರಾ? ದೀಪದ ಬುಡದಲ್ಲೇ ಕತ್ತಲೆ ಅಂದ್ರೆ ಇದೇ ನೋಡಿ!"

"ಅಕ್ಕಾ, ಒಲೆ ಉರೀತಿದೆ."

ಅವಳ ನಗು ಅಲ್ಲೇ ನಿಂತಿತು. ಅಷ್ಟರಲ್ಲಿ ಹಾಲು ಸೀದ ವಾಸನೆ ನಮ್ಮಿಬ್ಬರ ಮೂಗಿಗೂ ಬಡಿಯಿತು. "ಚಿಲಕ ತೆಗಿ ಅಂದ್ನಲ್ಲ!" ಎಂದು ಕಿರುಚಿಬಿಟ್ಟೆ. ಬೆರಳುಗಳು ಸರ್ರನೆ ಒಳಗೆ ಹೋದವು. ಆಮೇಲೆ ಕಾಲ ಸಪ್ಪಳ, ತಪ್ ತಪ್ ತಪ್, ಅಡುಗೆಮನೆಯ ಕಡೆಗೆ.

ಹೋಗಬೇಡ, ಹೋಗಬೇಡ ಎಂದು ಕೂಗುತ್ತಾ ಭುಜ ಕೊಟ್ಟು ಬಾಗಿಲಿಗೆ ಗುದ್ದಿದೆ. ಭುಜ ಮುರಿಯಿತೇನೋ, ಬಾಗಿಲು ಮಿಸುಕಲಿಲ್ಲ. ದರ್ಜಿಯಕ್ಕ ಯಾರನ್ನಾದರೂ ಕರೆತರಲು ಮೆಟ್ಟಿಲ ಕಡೆ ತಿರುಗಿದಳು. ನಾನು ಬೆದರಿಸಿದಷ್ಟೂ ಮಗು ಒಲೆಗೆ ಹತ್ತಿರವಾಗುತ್ತಿದೆ. ಇವಳು ಓಡಿಬರುವುದು ಯಾರು ಕರೆದರೆ? ಅಪ್ಪ ಕರೆದರೆ ಎಂದೂ ಬಂದವಳಲ್ಲ. ಅಮ್ಮ ಕರೆದರೂ ಎರಡು ಸಲ ಯೋಚಿಸುತ್ತಾಳೆ.

ಗಿರಾಕಿ! ಗಿರಾಕಿ ಬಂದು ಕೌಂಟರಿನ ಮೇಲೆ ಕೀಯಿಂದ ಟಕ್ ಟಕ್ ಎನಿಸಿದರೆ ನನಗಿಂತ ಮುಂಚೆ ಎದ್ದು ನಿಲ್ಲುವವಳು ಅವಳೇ. ಜೇಬಿನಲ್ಲಿದ್ದ ಅಂಗಡಿಯ ಕೀ ತೆಗೆದು ಬಾಗಿಲಿಗೆ ಬಡಿದೆ, ಟಕ್ ಟಕ್ ಟಕ್. ಗಂಟಲು ಸರಿಪಡಿಸಿಕೊಂಡು, ಬೇರೆಯವರ ದನಿಯಲ್ಲಿ, "ಅಂಗಡಿಯವರೇ, ಯಾರಾದ್ರೂ ಇದ್ದೀರಾ? ಬೀಗ ತೆಗೀಬೇಕಿತ್ತು!" ಎಂದೆ.

ತಪ್ ತಪ್ ನಿಂತಿತು. ಮತ್ತೆ ಬಡಿದೆ. ಸಪ್ಪಳ ತಿರುಗಿ ಬಾಗಿಲಿನತ್ತ ಓಡಿಬಂತು. ನಾನು ಕಿವಿಯನ್ನು ಹಲಗೆಗೆ ಒತ್ತಿದೆ. ಒಳಗಿನಿಂದ, ನನ್ನದೇ ಗತ್ತಿನಲ್ಲಿ, ಒಂದು ಸಣ್ಣ ದನಿ ಕೇಳಿತು:

"ಬಾಗ್ಲು ತೆಗುದ್ರೆ ಏನ್ ಕಾಣತ್ತೆ?"

ದರ್ಜಿಯಕ್ಕ ಮೆಟ್ಟಿಲ ಮೇಲೆ ಹಾಗೇ ನಿಂತುಬಿಟ್ಟಳು. ನಾಲ್ಕು ಪದ! ಒಂದರ ಹಿಂದೆ ಒಂದು, ಸಾಲಾಗಿ, ಅರ್ಥವಾಗುವ ಹಾಗೆ! ಒಳಗೆ ಹಾಲು ಸೀಯುತ್ತಿದೆ, ಹೊರಗೆ ನನ್ನ ಕಣ್ಣಲ್ಲಿ ನೀರು. ಆದರೆ ಈಗ ಅಳುತ್ತಾ ಕೂರುವ ಹಾಗಿಲ್ಲ, ಉತ್ತರ ಹೇಳಬೇಕು.

"ಚಪ್ಪಲಿ ಸ್ಟ್ಯಾಂಡ್ ಕಾಣುತ್ತೆ!"

ಒಳಗೆ ಚಿಲಕ ಒಮ್ಮೆ ಅಲುಗಿತು. ಆಮೇಲೆ, "ಬೇಡ."

"ಕೆಂಪು ಕುರ್ಚಿ! ಅಮ್ಮನ ಛತ್ರಿ!"

"ಬೇಡ. ಬೇಡ."

ನನ್ನ ಮನೆಯಲ್ಲಿ ಏನಿದೆ ಎಂದು ನನಗೇ ಗೊತ್ತಿಲ್ಲದ ಕಳ್ಳನಂತೆ ನಾನು ತಡವರಿಸಿದೆ. ಹೊಗೆ ಬಾಗಿಲ ಸಂದಿಯಿಂದ ತೆಳ್ಳಗೆ ಹೊರಬರತೊಡಗಿತ್ತು. ಬಾಗಿಲು ತೆಗೆದರೆ ಮೊದಲು ಏನು ಕಾಣುತ್ತದೆ? ಸ್ಟ್ಯಾಂಡು ಗೋಡೆಗಿದೆ, ಕುರ್ಚಿ ಕಿಟಕಿಯ ಹತ್ತಿರ. ಈ ಗಳಿಗೆಯಲ್ಲಿ ಬಾಗಿಲಿಗೆ ಅಂಟಿಕೊಂಡು ನಿಂತಿರುವುದು ಯಾರು? ಅಯ್ಯೋ ದಡ್ಡ!

"ನೀನು ಕಾಣ್ತೀಯ ಕಣಮ್ಮ," ಎಂದೆ. ಬೇರೆಯವರ ದನಿ ಎಲ್ಲೋ ಹೋಗಿತ್ತು. "ಬಾಗಿಲು ತೆಗೆದ್ರೆ ಮೊದಲು ನನ್ನ ಮಗಳು ಕಾಣ್ತಾಳೆ."

"ಹೂಂ," ಎಂದಳು ಮೇಸ್ತ್ರಿ. ಎಣ್ಣೆ ಹಾಕಿದ ಚಿಲಕ ಬೆಣ್ಣೆಯಂತೆ ಸರಿಯಿತು. ಬಾಗಿಲು ತೆರೆಯಿತು, ಹೇಳಿದ್ದೇ ಕಂಡಿತು.

ಅವಳನ್ನು ಎತ್ತಿ ದರ್ಜಿಯಕ್ಕನ ಕೈಗೆ ಕೊಟ್ಟು ಅಡುಗೆಮನೆಗೆ ಹಾರಿದೆ. ಒಲೆ ಆರಿಸಿದೆ. ಹಾಲಿನ ಪಾತ್ರೆ ಇದ್ದಿಲಾಗಿತ್ತು, ಪಕ್ಕದಲ್ಲಿದ್ದ ಒರೆಸುವ ಬಟ್ಟೆಯ ಅಂಚು ಕಂದಿತ್ತು. ಇನ್ನೊಂದೆರಡು ನಿಮಿಷ ತಡವಾಗಿದ್ದರೆ ಎಂಬುದನ್ನು ನಾನು ಈಗಲೂ ಪೂರ್ತಿ ಯೋಚಿಸುವುದಿಲ್ಲ. ನೆಲದ ಮೇಲೆ ಕೂತು, ನಗುತ್ತಿದ್ದೇನೋ ಅಳುತ್ತಿದ್ದೇನೋ ತಿಳಿಯದೆ ಹೆಂಡತಿಗೆ ಫೋನು ಮಾಡಿದೆ.

"ಏನಾಯ್ತ್ರೀ? ಬಸ್ಸಲ್ಲಿದ್ದೀನಿ, ಬೇಗ ಹೇಳಿ."

"ಹಾಲು ಸೀದೋಯ್ತು, ನನ್ನ ಭುಜ ಹೋಯ್ತು, ಮೇಸ್ತ್ರಿ ಮಾತಾಡಿದ್ಲು! ನಾಲ್ಕು ಪದ ಕಣೇ, ಒಂದೇ ಸಲಕ್ಕೆ!"

ಫೋನಿನಲ್ಲೇ ಸೀಟಿಯ ಸದ್ದು ಕೇಳಿಸಿತು. ಸಂತೋಷ ತಡೆಯಲಾರದೆ ಸೀಟಿ ಊದಿಬಿಟ್ಟಳಂತೆ, ಡ್ರೈವರ್ ಸ್ಟಾಪೇ ಇಲ್ಲದ ಕಡೆ ಬಸ್ಸು ನಿಲ್ಲಿಸಿದನಂತೆ. ಒಲೆ ಉರಿಯುತ್ತಿರುವಾಗ ಮಗುವನ್ನು ಬಿಟ್ಟು ಹೊರಗೆ ಹೋದದ್ದಕ್ಕೆ ಬೈಗುಳ ಆಮೇಲೆ ಬಂತು, ಬಡ್ಡಿ ಸಮೇತ. ಮಧ್ಯಾಹ್ನದೊಳಗೆ ಚಿಲಕವನ್ನು ಬಿಚ್ಚಿ ಮೇಲೆ ಜಡಿದೆ. ಕೇಳದೆಯೇ ಸರಿಯಾದ ಸ್ಕ್ರೂಡ್ರೈವರ್ ಎತ್ತಿಕೊಟ್ಟವಳು ಮೇಸ್ತ್ರಿ.

ಸಂಜೆ ಹೆಂಡತಿ ಬಂದಳು. ಒಳಗೆ ಕಾಲಿಡಲಿಲ್ಲ. "ಬಾಗಿಲು ಹಾಕ್ರೀ," ಎಂದಳು. ಮಗಳನ್ನು ಬಾಗಿಲ ಹಿಂದೆ ನಿಲ್ಲಿಸಿ ಚಿಲಕ ಹಾಕಿದೆ. ಹೊರಗಿನಿಂದ ಟಕ್ ಟಕ್. ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟುಕೊಂಡು ತನ್ನ ಪ್ರಶ್ನೆ ಕೇಳಿದಳು.

ದಿನವಿಡೀ ಬಸ್ಸಿನಲ್ಲಿ ಕೂಗಿ ಟಿಕೆಟ್ ಕೊಡುವ ಗಂಟಲು ಅದು. ಆದರೆ ಉತ್ತರ ಹೊರಡಲಿಲ್ಲ. ಏನೋ ಹೇಳಲು ಹೋಗಿ ಅರ್ಧಕ್ಕೇ ನಿಂತಿತು, ಬಿಕ್ಕಳಿಕೆಯಂಥ ಒಂದು ಸದ್ದು ಮಾತ್ರ ಕೇಳಿತು. ನಾನು ಚಿಲಕಕ್ಕೆ ಕೈ ಹಾಕಿದೆ. ಮಗಳು ನನ್ನ ಪ್ಯಾಂಟು ಹಿಡಿದೆಳೆದು ತಡೆದಳು. ಆಮೇಲೆ ಬಾಯಿಯನ್ನು ಬಾಗಿಲಿಗೆ ತಾಗಿಸಿ ಹೇಳಿದಳು:

"ಅಮ್ಮ, ಕೇಳ್ಸಲ್ಲ. ಜೋರಾಗ್ ಹೇಳು."