ಕಳ್ಳಕುಬಸ ಹುಡುಕಿ ಬಂದವರು

ಈಗ ಹೇಳಿದರೆ ತಪ್ಪಿಲ್ಲ. ಗುಟ್ಟಿನ ತಿಂಗಳುಗಳು ಕಳೆದಿವೆ, ಕೂಸೂ ಹುಟ್ಟಿದೆ.

ನನ್ನ ಜಾಲತಾಣದ ಹೆಸರು 'ಉಡಿ'. ಜಮಖಂಡಿಯ ಒಂದು ಬ್ಯಾಂಕಿನಲ್ಲಿ ದಿನವಿಡೀ ಬೇರೆಯವರ ಸಹಿ ನೋಡಿ, ಸಂಜೆ ಬಾಡಿಗೆ ಕೋಣೆಗೆ ಬಂದು, ಒಬ್ಬಳಿಗೆ ಸಾಲುವಷ್ಟು ಅನ್ನಕ್ಕಿಟ್ಟು, ಕುಕ್ಕರ್ ಕೂಗುವವರೆಗೆ ಬರೆಯುತ್ತೇನೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರು ಈಗ ಕಡಿಮೆಯಾಗಿದ್ದಾರೆ, ಅದೊಂದು ಪುಣ್ಯ. ನನ್ನ ತಾಯಿ ಮಥುರಾಬಾಯಿಯನ್ನು ನಾನು 'ಆಯಿ' ಎನ್ನುತ್ತಿದ್ದೆ. ಆಯಿ ಹೋದ ಮೇಲೆ ಮನೆಯಲ್ಲಿ ನನ್ನ ಕೂಡ ದನಿ ತೆಗೆಯುವುದು ಆ ಕುಕ್ಕರ್ ಒಂದೇ. ಅವಳ ಬಾಯಲ್ಲಿದ್ದ ಹೆಂಗಸರ ಪದ್ಧತಿ, ಅಡುಗೆ, ಬೈಗುಳ ಎಲ್ಲ ಬರೆದಿಡೋಣ ಎಂದು 'ಉಡಿ' ಶುರುಮಾಡಿದೆ. ಯಾರೂ ಓದದಿದ್ದರೂ ನಡೆಯುತ್ತದೆ ಅಂತ ಎಲ್ಲರ ಮುಂದೆ ಹೇಳುತ್ತಿದ್ದೆ. ಶುದ್ಧ ಸುಳ್ಳು. ಯಾರಾದರೂ ಓದಲಿ ಎಂದೇ ಬರೆಯುತ್ತಿದ್ದೆ.

ಯಾರೂ ಬರಲಿಲ್ಲ. ದಿನಕ್ಕೆ ಇಬ್ಬರು ಎಂದು ಲೆಕ್ಕ ತೋರಿಸುತ್ತಿತ್ತು. ಒಬ್ಬರು ಜಮಖಂಡಿಯವರು, ಅಂದರೆ ನಾನು. ಇನ್ನೊಬ್ಬರು ಬನಹಟ್ಟಿಯವರು ಎಂದು ಬರುತ್ತಿತ್ತು. ಆ ಬನಹಟ್ಟಿಯ ಒಂದು ಅಂಕಿ ನೋಡಿ ಎಷ್ಟೋ ಸಂಜೆ ಹಿಗ್ಗಿದ್ದೇನೆ. ಸೋದರಮಾವನ ಮಗ ನಂದಕಿಶೋರ ಆ ಸಂತೋಷಕ್ಕೂ ಕಲ್ಲು ಹಾಕಿದ.

"ಅದು ಟವರಿನ ತಪ್ಪಕ್ಕಾ. ಅದೂ ನಿನ್ನ ಫೋನೇ ಇರ್ತದ" ಅಂದ.

ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ ನನ್ನ ಊರಿಗೆ ನಾನೇ ಗೌಡತಿ, ನಾನೇ ಮಂದಿ.

ನಂದಕಿಶೋರ ಮುಧೋಳದಲ್ಲಿ ಸುದ್ದಿಯ ಜಾಲತಾಣ ನಡೆಸುತ್ತಾನೆ. ಮಂದಿಯನ್ನು ಎಳೆದು ತರುವ ವಿದ್ಯೆ ಅವನಿಗೆ ಕರಗತ. ಒಂದು ರವಿವಾರ ಬಂದು, ನಾನು ಮಾಡಿಕೊಟ್ಟ ಅವಲಕ್ಕಿ ತಿನ್ನುತ್ತ ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡ.

"ನೀ ಛಲೋ ಬರೀತಿ, ಖರೆ. ಆದ್ರ ಬಾಗಲಾ ಹಾಕ್ಕೊಂಡು ಒಳಗ ಹಾಡಿದ್ರ ಯಾರು ಕೇಳ್ತಾರ?"

"ಬಾಗಲಾ ತೆರದೇ ಅದ. ಮಂದಿ ಬರವಲ್ರು."

"'ಕಳ್ಳಕುಬಸ' ಅಂತ ಬರದೀಯಲ್ಲ, ಇದನ್ನ ಯಾರು ಹುಡುಕ್ತಾರ? ಸೀಮಂತ ಅಂತ ಹಾಕು."

"ಕಳ್ಳಕುಬಸ ಸೀಮಂತ ಅಲ್ಲೋ ಮಾರಾಯಾ. ಸೀಮಂತಕ್ಕ ಊರೆಲ್ಲ ಕರೀತಾರ. ಇದು ಮಗ್ಗಲ ಮನಿಗೂ ಗೊತ್ತಾಗಬಾರದು."

"ಗೊತ್ತಾಗಬಾರದ್ದನ್ನ ಜಗತ್ತಿಗೆಲ್ಲ ಬರದು ಹಾಕಿದಾಕಿ ನೀನೇ ಅಲ್ಲೇನು!" ಎಂದು ನಕ್ಕ.

ನಮ್ಮ ಕಡೆ ಮಗಳು ಬಸಿರಾಗಿ ಮೂರು ತಿಂಗಳಾದಾಗ ತವರಿನವರು ಹಸಿರು ಖಣ ಸೆರಗಿನಲ್ಲಿ ಮುಚ್ಚಿಕೊಂಡು, ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಬಾಗಿಲಿಂದ ಹೋಗಿ ಉಡಿ ತುಂಬಿ ಬರುತ್ತಾರೆ. ಖಣವೆಂದರೆ ಕುಬಸದ, ಅಂದರೆ ರವಿಕೆಯ ಬಟ್ಟೆ. ದೃಷ್ಟಿಯಾಗದಿರಲಿ ಎಂದು ಎಲ್ಲ ಕದ್ದುಮುಚ್ಚಿ ಮಾಡುವುದು, ಅದಕ್ಕೇ ಕಳ್ಳಕುಬಸ. ನಮ್ಮ ಮರಾಠಿ ಬಳಗದಲ್ಲಿ ಚೋರಚೋಳಿ. ಆ ಬರಹದ ಕೊನೆಯಲ್ಲಿ ನನ್ನದೂ ಒಂದು ಮಾತು ಬರೆದಿದ್ದೆ. ಆಯಿ ನನಗೆಂದು ಗುಳೇದಗುಡ್ಡದ ಹಸಿರು ಖಣವೊಂದನ್ನು ತಂದು, ಬೇವಿನೆಲೆ ಹಾಕಿ ಟ್ರಂಕಿನಲ್ಲಿಟ್ಟಿದ್ದಳು. ಪ್ರತಿ ದೀಪಾವಳಿಗೆ ಬಿಸಿಲಿಗೆ ಹಾಕಿ ಮತ್ತೆ ಮಡಚುತ್ತಿದ್ದಳು. 'ಇರಲಿ ಬಿಡು, ಬೇಕಾದೀತು' ಅನ್ನುತ್ತಿದ್ದಳು. ಬೇಕಾಗಲೇ ಇಲ್ಲ.

ನಂದಕಿಶೋರ ಮೊದಲು ಕತ್ತರಿಸಿದ್ದು ಅದನ್ನೇ. "ನಿನ್ನ ಸ್ವಂತದ್ದು ಯಾರಿಗೆ ಬೇಕಕ್ಕಾ?" ಅಂದ. ಅರ್ಧ ಬರಹ ಹಾರಿಸಿ, ಯಾರೋ ಗರ್ಭಿಣಿಯ ಚಿತ್ರ ಅಂಟಿಸಿ, ಮೇಲೆ ಹೀಗೊಂದು ತಲೆಬರಹ ಜಡಿದ: 'ಮೂರು ತಿಂಗಳ ಗರ್ಭಿಣಿಯ ಮನೆಗೆ ಹಿತ್ತಲಿಂದ ನುಗ್ಗಿದ ಕಳ್ಳಿ! ಮುಂದೇನಾಯ್ತು?'

ಮುಂದೇನಾಯ್ತು ಎಂದರೆ ಮಂದಿ ಮುಗಿಬಿದ್ದರು. ಜನ ಮರುಳೋ ಜಾತ್ರೆ ಮರುಳೋ! 'ಕಳ್ಳಿ ಸಿಕ್ಕಳಾ?' ಎಂದು ಒಬ್ಬ ಕೇಳಿದ್ದ. 'ಪೊಲೀಸರು ಮಲಗಿದ್ದಾರಾ?' ಎಂದು ಇನ್ನೊಬ್ಬ. 'ಸಿಸಿ ಕ್ಯಾಮೆರಾ ಹಾಕಿಸಿ ತಂಗಿ' ಎಂದು ಮತ್ತೊಬ್ಬ ಪುಣ್ಯಾತ್ಮ. ನಾಚಿಕೆಯಾಯಿತು ಎಂದರೆ ಅರ್ಧ ಖರೆ. ಉಳಿದರ್ಧ ಖುಷಿ. ಅನ್ನ ಉಣ್ಣುವಾಗ ಫೋನನ್ನು ಬಟ್ಟಲಿಗೆ ಆನಿಸಿಟ್ಟು ಏರುವ ಅಂಕಿ ನೋಡುತ್ತಿದ್ದೆ. ಎದುರಿಗೆ ಯಾರೋ ಕೂತು ಉಂಡಂತೆ ಅನಿಸುತ್ತಿತ್ತು.

ಬ್ಯಾಂಕಿನಲ್ಲಿ ಪಕ್ಕದ ಕೌಂಟರಿನ ಪೂನಮ್ ಓಡಿಬಂದಳು. "ಮೇಡಂ, ನಿಮ್ಮದು ನಮ್ಮ ಮನಿಯವರ ಫೋನಿಗೂ ಬಂದಿತ್ರೀ! ಆ ಕಳ್ಳಿ ಯಾವ ಊರಾಕಿರಿ?"

"ಓದಲಿಲ್ಲೇನು?"

"ಹೆಡ್ಡಿಂಗ್ ಓದಿದ್ನಲ್ರೀ."

ಅಷ್ಟು ವರ್ಷ ಪಕ್ಕದಲ್ಲಿ ಕೂತವಳು. ನನಗೆ ಅಳು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ, ಮುಂದಿನ ಚೆಕ್ಕಿನ ಸಹಿ ನೋಡಿದೆ.

ನಂದಕಿಶೋರ ಮಾತ್ರ ಹುರುಪಿನಲ್ಲಿದ್ದ. ಉಳಿದ ಬರಹಗಳನ್ನೂ ಹೀಗೇ ತಿದ್ದಿ, 'ಉಡಿ'ಯನ್ನು ತನ್ನ ತಾಣದಲ್ಲೇ ಸೇರಿಸಿಕೊಳ್ಳುತ್ತೇನೆ ಅಂದ. ನಾನು ಹೂಂ ಅಂದೆ. ಖಾಲಿ ಕೋಣೆಯಲ್ಲಿ ಒಬ್ಬಳೇ ಹಾಡಿ ಸಾಕಾಗಿತ್ತು.

ಶನಿವಾರ ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಹಿಂದೆ ಪವರ್‌ಲೂಮಿನ ಖಟಖಟ. ಆ ಸದ್ದಿನೊಳಗಿಂದ ಒಂದು ಸಣ್ಣ ದನಿ.

"ಉಡಿ ಅಕ್ಕಾರೇನ್ರಿ? ನಾ ಬನಹಟ್ಟ್ಯಾಗಿಂದ ಸರಿತಾ ಮಾತಾಡಾಕತ್ತೇನ್ರಿ. ನಂಬರ ನಿಮ್ಮ ಉಡ್ಯಾಗ ತಳಕ್ಕ ಇತ್ರಿ. ದಿನಾ ಓದ್ತಿದ್ನಿ. ಈಗ ಕಳ್ಳಕುಬಸದ್ದು ಸಿಗವಲ್ದು."

ಬನಹಟ್ಟಿ! ಟವರಿನ ತಪ್ಪಂತೆ, ಮಣ್ಣಂಗಟ್ಟಿ.

"ಅದೇ ಅದವ್ವಾ, ಹೆಸರು ಬ್ಯಾರೆ ಆಗೇದ."

"ಅದನ್ನೂ ನೋಡೀನ್ರಿ. ಅದರಾಗ ಖಣದ ಮಾತ ಇಲ್ಲಲ್ರೀ. ನಿಮ್ಮ ತಾಯಿ ನಿಮಗಂತ ತಂದಿದ್ದು. ಅದು ಇನ್ನೂ ಐತೇನ್ರಿ ಟ್ರಂಕಿನ್ಯಾಗ?"

ಸಾವಿರಾರು ಮಂದಿ ಬಂದು ಹೋಗಿದ್ದರು, ಯಾರೂ ಅದನ್ನು ಕೇಳಿರಲಿಲ್ಲ.

"ಅದ" ಎಂದೆ.

"ಇಷ್ಟ ಕೇಳಬೇಕಾಗಿತ್ರಿ. ಅದಕ್ಕೇನಾತೋ ಅಂತ ಜೀವ ತಡೀಲಿಲ್ಲ."

"ನಿನಗ್ಯಾಕವ್ವಾ ಅದರ ಚಿಂತಿ?"

ಅವಳ ದನಿ ಇನ್ನೂ ಸಣ್ಣದಾಯಿತು. "ನನಗ ಮೂರರಾಗ ನಡದೈತ್ರಿ. ಯಾರ ಮುಂದೂ ಹೇಳಬ್ಯಾಡ್ರಿ ಮತ್ತ. ನಮ್ಮವ್ವ ಇಲ್ಲ, ತವರಾಗ ಯಾರೂ ಇಲ್ರಿ. ಅತ್ತಿ ಛಲೋ ಅದಾರ, ಆದ್ರ ಕುಬಸ ಅತ್ತಿ ಕೊಡೂದಲ್ಲಲ್ರೀ. ನೀವು ಬರದಿದ್ದನ್ನ ಓದಿ ಓದಿ ಸಮಾಧಾನ ಮಾಡ್ಕೊತಿದ್ನಿ. ಈಗ ಅದೂ ಇಲ್ಲ."

ಫೋನಿಟ್ಟವಳೇ ನಂದಕಿಶೋರನಿಗೆ ಹಚ್ಚಿದೆ. ನನ್ನ ಬರಹ ಇದ್ದಂತೆ ಹಾಕು, ಆ ಕಳ್ಳಿಯ ತಲೆಬರಹ ತೆಗಿ, 'ಉಡಿ' ಎಲ್ಲಿಗೂ ಬರುವುದಿಲ್ಲ ಎಂದೆ.

"ತಲಿ ಕೆಟ್ಟದೇನು? ಇಷ್ಟು ಮಂದೀನ್ನ ಕಳಕೋತೀ?"

"ಅವರು ಕಳ್ಳೀನ್ನ ಹುಡುಕಿ ಬಂದವರು. ಕುಬಸ ಹುಡುಕಿ ಬಂದಾಕಿ ಬ್ಯಾರೆ ಇದ್ದಾಳ."

"ಯಾರಾಕಿ? ಆಕಿ ಕತೀನೇ ಹಾಕೋಣ ಅಕ್ಕಾ, ಓಡ್ತದ!"

"ಸತ್ರೂ ಹೇಳೂದಿಲ್ಲ" ಎಂದು ಕಟ್ ಮಾಡಿದೆ. ಗೊಣಗುತ್ತಲೇ ಅವನು ಅವತ್ತೇ ಎಲ್ಲ ಮೊದಲಿನಂತೆ ಮಾಡಿದ.

ಸರಿತಾಳಿಗೆ ಮತ್ತೆ ಫೋನು ಮಾಡಿ ಮನೆ ಎಲ್ಲಿ, ಹಿತ್ತಲ ದಾರಿ ಯಾವುದು ಎಂದು ಕೇಳಿದೆ. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಅತ್ತಳು.

ರವಿವಾರ ಟ್ರಂಕು ತೆರೆದೆ. ಬೇವಿನೆಲೆ ಪುಡಿಯಾಗಿತ್ತು, ಖಣ ಹೊಸದರಂತೇ ಇತ್ತು. ಬಸ್ಸಿನಲ್ಲಿ ಅದನ್ನು ಸೆರಗಿನೊಳಗೆ ಹಿಡಿದು ಕೂತವಳಿಗೆ ಬೇರೊಂದು ಭಯ. ಉಡಿ ತುಂಬುವುದು ಮುತ್ತೈದೆಯರು. ಜಾಲತಾಣಕ್ಕೆ ಆ ಹೆಸರಿಟ್ಟುಕೊಂಡವಳು ಹುಟ್ಟಿದಾಗಿನಿಂದ ಒಬ್ಬರ ಉಡಿಯನ್ನೂ ತುಂಬಿಲ್ಲ. ಯಾರೂ ಕರೆದಿಲ್ಲ.

ದೀಪ ಹಚ್ಚುವ ಹೊತ್ತು. ಓಣಿ ತುಂಬ ಮಗ್ಗದ ಸದ್ದು, ನಿಜವಾದ ಕಳ್ಳರು ಬಂದರೂ ಗೊತ್ತಾಗದು. ಹಿತ್ತಲ ಬಾಗಿಲು ತೆರೆದವಳು ಸರಿತಾಳ ಅತ್ತೆ ಯಂಕವ್ವ. ನಾನು ನಿಂತಲ್ಲೇ ಹೇಳಿಬಿಟ್ಟೆ, "ನನಗ ಮದುವಿ ಆಗಿಲ್ರಿ. ಉಡಿ ನೀವೇ ತುಂಬ್ರಿ, ನಾ ಖಣ ಅಷ್ಟು ಕೊಡ್ತೀನಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ತವರಿಂದ ಬಂದವರಿಗೆ ಮದುವಿ ಆಗೇತೇನು ಅಂತ ಯಾರರೆ ಕೇಳ್ತಾರೇನ್ರಿ? ಒಳಗ ಬರ್ರಿ ಸುಮ್ನ, ಮಂದಿ ನೋಡ್ತಾರ."

ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಮೇಲೆ ಆಯಿಯ ಖಣ. ಸರಿತಾ ಸೆರಗು ಚಾಚಿ ಕೂತಿದ್ದಳು. ರೂಢಿಯಿಲ್ಲದ ನನ್ನ ಕೈಯಿಂದ ಅಕ್ಕಿ ನೆಲಕ್ಕೂ ಬಿತ್ತು. ಅವಳು ಒಂದೊಂದೇ ಕಾಳು ಆರಿಸಿ ಉಡಿಗೆ ಹಾಕಿಕೊಂಡಳು.

ತಿರುಗಿ ಬರುವಾಗ ಯಾರಿಗಾದರೂ ಹೇಳಬೇಕೆಂದು ಹೊಟ್ಟೆ ಉಬ್ಬರಿಸುತ್ತಿತ್ತು. ಹೇಳುವಂತಿಲ್ಲ, ಬರೆಯುವಂತಿಲ್ಲ. ಹೇಳಲು ಮನೆಯಲ್ಲಿ ಯಾರೂ ಇರಲೂ ಇಲ್ಲ. ಒಬ್ಬಳಿಗೆ ಸಾಲುವಷ್ಟು ಅನ್ನಕ್ಕಿಟ್ಟೆ. ಟ್ರಂಕಿನ ಮುಚ್ಚಳ ಇನ್ನೂ ತೆರೆದೇ ಇತ್ತು.

ಚಾಳಿ ಬಿಡದೆ ಫೋನಿನಲ್ಲಿ ಲೆಕ್ಕ ನೋಡಿದೆ. ಕಳ್ಳಿಯ ಜೊತೆ ಅವಳನ್ನು ಹುಡುಕಿ ಬಂದವರೂ ಹೋಗಿದ್ದರು. ಈ ದಿನ 'ಉಡಿ'ಗೆ ಬಂದವರು: ಸೊನ್ನೆ.

ಬರುತ್ತಿದ್ದವರು ಇಬ್ಬರೇ. ಇಬ್ಬರೂ ಬನಹಟ್ಟಿಯಲ್ಲಿ ಎದುರುಬದುರು ಕೂತಿದ್ದೆವು.