ಕರಗದೆ ಉಳಿದ ತಾಳಿ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹತ್ತಿ ವ್ಯಾಪಾರಿ ಚಿದಾನಂದಪ್ಪನ ಮನೆಗೆ ಹೋದವರಿಗೆ ಮೊದಲು ಹುಟ್ಟುತ್ತಿದ್ದ ಚಿಂತೆ, ಎಲ್ಲಿ ಕೂರಬೇಕು ಎಂಬುದು. ಕುರ್ಚಿಗಳಿಗೇನೂ ಬರವಿರಲಿಲ್ಲ. ಕೂರುವುದಕ್ಕೆ ಅಪ್ಪಣೆ ಇರಲಿಲ್ಲ, ಅಷ್ಟೆ. ಹಿಂದಿನ ವರ್ಷ ಸ್ವಾತಂತ್ರ್ಯ ಬಂದು, ದಂಡಿನ ಬಿಳಿಯ ದೊರೆಗಳು ಗಂಟುಮೂಟೆ ಕಟ್ಟಿದಾಗ ಅವರ ಬಂಗಲೆಗಳಲ್ಲಿ ನಡೆದ ಹರಾಜಿಗೆಲ್ಲ ಮುಂದೆ ನಿಂತು ಕೂಗಿದವನು ಅವನೇ. ಬೀಟೆಯ ಊಟದ ಮೇಜು, ಬೆತ್ತದ ಈಜಿಚೇರು, ಆಳೆತ್ತರದ ನಿಲುವುಗನ್ನಡಿ, ಹೊಸ ಮಾದರಿಯ ಸೋಫಾ ಎಲ್ಲವೂ ಎತ್ತಿನ ಗಾಡಿ ಏರಿ ಅವನ ನಡುಮನೆಗೆ ಬಂದವು. ಅವನ ಹೆಂಡತಿ ಜಂಬಮ್ಮ ಮಾತ್ರ ಆ ದೊಡ್ಡ ಮೇಜಿನ ಕೆಳಗೆ ಚಾಪೆ ಹಾಸಿ ಅಕ್ಕಿ ಆರಿಸುತ್ತಿದ್ದಳು.

"ಮ್ಯಾಲ ಕುಂತ್ರ ಗೀರು ಬೀಳ್ತೈತಿ ಅಂತೀರಿ. ಕೆಳಗರ ಕುಂದ್ರಾಕ ಬಿಡ್ರಿ" ಎಂದು ಗಂಡನನ್ನು ಚುಚ್ಚುತ್ತಿದ್ದಳು.

ಕುರ್ಚಿ ಮೇಜುಗಳ ಹುಚ್ಚು ಒಂದು ತೂಕವಾದರೆ ಒಡವೆಗಳ ಹುಚ್ಚು ಇನ್ನೊಂದು ತೂಕ. ಯಾವನೋ ದೊರೆ ಪಿಂಗಾಣಿ ಬಟ್ಟಲು ಇಡುತ್ತಿದ್ದ ಗಾಜಿನ ಬೀರುವಿನಲ್ಲಿ ಇವನು ಹಳೆಯ ನಾಗಮುರಿಗೆ, ವಂಕಿ, ಬುಗುಡಿ, ಡಾಬು, ಜಡೆಬಿಲ್ಲೆಗಳನ್ನು ಜೋಡಿಸಿದ್ದ. ಕುರುಗೋಡು ಅವನ ಹುಟ್ಟೂರು. ಅಲ್ಲಿಯೂ ಪಕ್ಕದ ಬಾದನಹಟ್ಟಿಯಲ್ಲಿಯೂ ಯಾವ ಅಜ್ಜಿಯ ಪೆಟ್ಟಿಗೆಯಲ್ಲಿ ಏನಿದೆ ಎಂಬುದು ಆ ಮನೆಯ ಸೊಸೆಯಂದಿರಿಗಿಂತ ಇವನಿಗೆ ಚೆನ್ನಾಗಿ ಗೊತ್ತಿತ್ತು. ಹಳೆಯದನ್ನು ಕರಗಿಸಿ ಹೊಸ ಫ್ಯಾಶನ್ನಿನ ನೆಕ್ಲೇಸು ಮಾಡಿಸುವವರನ್ನು ಕಂಡರೆ ಅವನ ಮೈ ಉರಿಯುತ್ತಿತ್ತು. ಅಕ್ಕಸಾಲಿಗನ ಅಂಗಡಿಯ ಬಾಗಿಲಲ್ಲೇ ನಿಂತು, ತೂಕಕ್ಕಿಂತ ಹೆಚ್ಚು ಕೊಟ್ಟು ಒಡವೆಗಳನ್ನು ಬೆಂಕಿಯಿಂದ ಬಿಡಿಸಿಕೊಂಡು ಬಂದದ್ದುಂಟು. ಜಿಪುಣನೆಂದು ಅವನನ್ನು ಯಾರೂ ಅನ್ನುವಂತಿರಲಿಲ್ಲ.

ಆದರೆ ಆ ಬೀರುವಿನಲ್ಲಿ ಒಂದೇ ಒಂದು ಹಳೆಯ ತಾಳಿ ಇರಲಿಲ್ಲ. ಇರುವುದಾದರೂ ಹೇಗೆ? ಬಳೆ ಅಜ್ಜಿಯಿಂದ ಮೊಮ್ಮಗಳಿಗೆ ಬರುತ್ತದೆ, ತಾಳಿ ಬರುವುದಿಲ್ಲ. ಗಂಡ ಸತ್ತರೆ ಬಿಚ್ಚಿದ ತಾಳಿಯನ್ನು ಮನೆಯಲ್ಲಿ ಇಡಬಾರದೆಂದು ಕರಗಿಸಲು ಕೊಡುತ್ತಾರೆ. ಹೆಂಡತಿಯೇ ಮೊದಲು ಸತ್ತರೆ ಅದು ಅವಳ ಜೊತೆಗೇ ಮಣ್ಣಿಗೆ ಹೋಗುತ್ತದೆ. ಊರೂರಿನ ಅಕ್ಕಸಾಲಿಗರನ್ನು ಕೇಳಿ ಕೇಳಿ ಚಿದಾನಂದಪ್ಪ ಆ ಆಸೆಯನ್ನು ಬಿಟ್ಟಿದ್ದ. ಬಿಟ್ಟೆನೆಂದು ತಿಳಿದಿದ್ದ.

ಅದು ನಲವತ್ತೆಂಟನೆಯ ಇಸವಿಯ ಬೇಸಿಗೆ. ತುಂಗಭದ್ರೆಯ ಈ ದಂಡೆಗೆ ಸಿರುಗುಪ್ಪ, ನಮ್ಮ ಸೀಮೆ. ಆ ದಂಡೆಗೆ ನಿಜಾಮನ ಸೀಮೆ. ಆ ಕಡೆ ನಿಜಾಮನ ಬಂಟರ ಗಲಭೆಯೆದ್ದು, ಮನೆಗಳಿಗೆ ಬೆಂಕಿ ಬಿದ್ದು, ಜನ ಉಟ್ಟ ಬಟ್ಟೆಯಲ್ಲಿ ಹರಿಗೋಲು ಹತ್ತಿ ಈಚೆಗೆ ಬರತೊಡಗಿದರು. ಸಿರುಗುಪ್ಪದಲ್ಲಿದ್ದ ತನ್ನ ಹತ್ತಿ ಗೋದಾಮನ್ನು ಚಿದಾನಂದಪ್ಪ ಅವರಿಗೆ ಬಿಟ್ಟುಕೊಟ್ಟ. ಬಳ್ಳಾರಿಯಿಂದ ಜೋಳದ ಮೂಟೆ ಹೇರಿಸಿಕೊಂಡು ವಾರ ವಾರ ತಾನೇ ಹೋಗುತ್ತಿದ್ದ. ಇದನ್ನು ಅವನು ಮನಸಾರೆ ಮಾಡಿದ. ಅಲ್ಲವೆಂದರೆ ನನ್ನ ನಾಲಿಗೆಗೆ ಹುಳ ಬಿದ್ದೀತು.

ಅಲ್ಲಿ ಜೋಳ ಅಳೆಸಿಕೊಳ್ಳಲು ಸೆರಗೊಡ್ಡಿ ನಿಂತ ಎರ್ರಮ್ಮನ ಕೊರಳಲ್ಲಿ ಅವನು ಆ ತಾಳಿಯನ್ನು ಕಂಡ. ಎರಡು ಪುಟ್ಟ ಬಂಗಾರದ ಬಟ್ಟಲು, ಸುತ್ತ ಬಳ್ಳಿಯ ಕೆತ್ತನೆ. ದಿನವೂ ಕಣ್ಣಿಗೊತ್ತಿಕೊಂಡು, ಅರಿಶಿನ ಹಚ್ಚಿ ಉಜ್ಜಿ, ಆ ಬಳ್ಳಿ ಅರ್ಧಕ್ಕರ್ಧ ಸವೆದುಹೋಗಿತ್ತು. ಅಂಥ ಕೆಲಸ ಮಾಡುವ ಕೈಗಳು ಸತ್ತು ನೂರು ವರ್ಷವಾದರೂ ಆಗಿರಬೇಕು. ಚಿದಾನಂದಪ್ಪ ಅವಳ ಹತ್ತಿರಕ್ಕೆ ಸರಿದ.

"ಇದು ಯಾರು ಮಾಡಿಸಿದ್ದವ್ವಾ?"

"ಯಾರು ಮಾಡಿಸಿದ್ರೋ ಯಾರಿಗ್ಗೊತ್ರಿ" ಎಂದು ಎರ್ರಮ್ಮ ಹೆಮ್ಮೆಯಿಂದಲೇ ಹೇಳಿದಳು. "ನಮ್ಮನ್ಯಾಗ ಅತ್ತಿ ಮುತ್ತೈದಿಯಾಗಿ ಸತ್ರ, ಹೆಣ ಎತ್ತೋದ್ರೊಳಗ ಆಕಿ ತಾಳಿ ಬಿಚ್ಚಿ ಸೊಸಿ ಕೊಳ್ಳಾಗ ಹಾಕ್ತಾರ. ಅವತ್ತಿಂದ ಸೊಸಿಗೆ ಇದೇ ತಾಳಿ. ನಮ್ಮತ್ತಿ, ಆಕಿ ಅತ್ತಿ, ಮತ್ತ ಆಕಿ ಅತ್ತಿ, ಎಲ್ಲಾರೂ ಮುತ್ತೈದಿಯರಾಗೇ ಹೋದ್ರು. ಇದನ್ನ ಹಾಕ್ಕೊಂಡಾಕಿ ಒಬ್ಬಾಕೀನೂ ಮುಂಡಿ ಆಗಿಲ್ರಿ."

ಅದಕ್ಕೇ ಕರಗದೆ ಉಳಿದಿತ್ತು! ಚಿದಾನಂದಪ್ಪ ತಡೆಯಲಾರದೆ, ಕೊಡುವೆಯಾ ಎಂದು ಕೇಳಿಯೇಬಿಟ್ಟ. ಹೊಸ ತಾಳಿ ಮಾಡಿಸಿಕೊಡುವೆ, ಮೇಲೆ ಹೊಲ ಕೊಳ್ಳುವಷ್ಟು ಹಣ ಕೊಡುವೆ ಎಂದ. ಎರ್ರಮ್ಮ ತಾಳಿಯನ್ನು ಕುಪ್ಪಸದೊಳಗೆ ಸೇರಿಸಿಕೊಂಡಳು.

"ಗಂಡ ಇರೋತನಕ ಇದು ಕೊಳ್ಳ ಬಿಟ್ಟು ಬರಾಂಗಿಲ್ರೀ ಎಪ್ಪಾ."

ಅವಳ ಗಂಡ ಮಾರೆಣ್ಣ ಎತ್ತುಗಳನ್ನು ಬಿಟ್ಟು ಬರಲಾರದೆ ಆ ದಂಡೆಯಲ್ಲೇ ಉಳಿದಿದ್ದ. ಮುಂದಿನ ಹರಿಗೋಲಿಗೆ ಬರುತ್ತೇನೆಂದಿದ್ದವನು ಬರಲಿಲ್ಲ. ಗುಂಡಿನ ಸದ್ದು ಮಾತ್ರ ಈಚೆಗೆ ಕೇಳಿಸಿತ್ತು.

ಅಂದಿನಿಂದ ಚಿದಾನಂದಪ್ಪ ಗೋದಾಮಿಗೆ ಹೋದಾಗಲೆಲ್ಲ ಅವಳನ್ನು ಕೇಳುವ ಮೊದಲ ಮಾತು, "ಗಂಡನ ಸುದ್ದಿ ಏನರ ಬಂತೇನವ್ವಾ?" ಎಂಬುದೇ ಆಯಿತು. ಎಂಥ ಕರುಳಿನ ಮನುಷ್ಯ ಎಂದು ಜನ ಮೆಚ್ಚಿಕೊಂಡರು. ಇಲ್ಲವೆಂದು ಅವಳು ತಲೆಯಾಡಿಸಿದಾಗ ತನ್ನ ಎದೆ ಹಗುರಾಗುವುದನ್ನು ಅವನು ಕಂಡುಕೊಂಡ. ಅವನಿಗೇ ಹೇಸಿಗೆಯಾಯಿತು. ಮನೆಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡ. ನೀರಿಗೆ ಮೈ ತೊಳೆಯುವುದಷ್ಟೇ ಗೊತ್ತು. ಮರುವಾರ ಎಂದಿಗಿಂತ ಮೊದಲೇ ಸಿರುಗುಪ್ಪದ ದಾರಿ ಹಿಡಿದ.

ಆಷಾಢದಲ್ಲಿ ಹೊಳೆ ಏರುತ್ತಿದ್ದಾಗ ಹರಿಗೋಲಿನ ಮಾಬುಸಾಬ್ ಗೋದಾಮಿನ ಹಿಂದೆ ಬಂದು, ಮೂಟೆ ಇಳಿಸುತ್ತಿದ್ದ ಚಿದಾನಂದಪ್ಪನನ್ನು ಸನ್ನೆ ಮಾಡಿ ಕರೆದ. ನೂರಾರು ಜನರನ್ನು ಈಚೆಗೆ ದಾಟಿಸಿದವನು ಅವನೇ. ಆದರೂ ಗೋದಾಮಿನ ಮುಂದೆ ದೊಣ್ಣೆ ಹಿಡಿದು ಕಾಯುತ್ತಿದ್ದ ಹುಡುಗರು ಈಗ ಯಾವ ಸಾಬರನ್ನೂ ಒಳಗೆ ಬಿಡುತ್ತಿರಲಿಲ್ಲ. ಸೇಡಿನ ಕಿಚ್ಚಿಗೆ ಕಣ್ಣು ಎಲ್ಲಿರುತ್ತದೆ?

"ಸಾವ್ಕಾರ್ರ, ಎರ್ರಮ್ಮನ ಗಂಡ ಮಾರೆಣ್ಣ ಜೀವಂತ ಅದಾನ್ರಿ" ಎಂದು ಅವನು ಪಿಸುಗುಟ್ಟಿದ. "ತೊಡಿಗೆ ಗುಂಡು ಬಿದ್ದೈತಿ. ನಮ್ಮಕ್ಕ ಇಮಾಂಬೀ ಅವನ್ನ ತನ್ನ ಮನ್ಯಾಗ ಮುಚ್ಚಿಟ್ಕೊಂಡಾಳ. ಕಾಲು ಮಾಗಿದ ಮ್ಯಾಲ ನಾನೇ ದಾಟಸ್ತೀನಿ. ಹೊರಗ ಗೊತ್ತಾದ್ರ ನಮ್ಮಕ್ಕನ ಮನಿ ಸುಡ್ತಾರ. ಎರ್ರಮ್ಮಗೊಬ್ಬಾಕಿಗೆ ಹೇಳ್ರಿ. ಬ್ಯಾರೇದವರನ್ನ ನಾ ನಂಬಾಂಗಿಲ್ಲ, ನಿಮ್ಮನ್ನ ನಂಬೀನಿ."

"ಆತು, ಹೇಳ್ತೀನಿ" ಎಂದ ಚಿದಾನಂದಪ್ಪ.

ಹೇಳುವುದಕ್ಕೆಂದೇ ಅವನು ಗೋದಾಮಿನ ಒಳಗೆ ಹೋದ. ಅಲ್ಲಿ ಎರ್ರಮ್ಮನ ಸುತ್ತ ಹೆಂಗಸರು ಕೂತಿದ್ದರು. ಅವರಲ್ಲಿ ಹಿರಿಯಳಾದ ದೊಡ್ಡಬಸಮ್ಮ ಮಾತಾಡುತ್ತಿದ್ದಳು. ಅವಳ ಊರಿನವನೊಬ್ಬ ಮಾರೆಣ್ಣ ದಂಡೆಯಲ್ಲಿ ಗುಂಡು ತಿಂದು ಬಿದ್ದದ್ದನ್ನು ಕಣ್ಣಾರೆ ಕಂಡಿದ್ದನಂತೆ.

"ಬಿದ್ದಾವ ಏಳಲಿಲ್ಲಂತ. ಇನ್ನ ಎಷ್ಟು ದಿನ ಅಂತ ಕುಂಕುಮ ಇಟ್ಕೋತಿ ತಂಗಿ? ಸತ್ತಾವಗ ನೀರು ಬಿಡಬೇಕು. ಶ್ರಾವಣ ಬರೋದ್ರೊಳಗ ಆಗೋದು ಆಗಿಹೋಗ್ಲಿ."

ಎರ್ರಮ್ಮ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ಅಳುತ್ತಿದ್ದಳು. ಚಿದಾನಂದಪ್ಪನನ್ನು ಕಂಡೊಡನೆ ತಲೆಯೆತ್ತಿದಳು. "ಎಪ್ಪಾ, ನೀವು ನಾಕು ಮಂದ್ಯಾಗ ತಿರುಗಾವ್ರು. ನೀವರ ಹೇಳ್ರಿ. ಅವ ಅದಾನೋ ಇಲ್ಲೋ?"

ಒಂದು ಮಾತು ಸಾಕಿತ್ತು. ಅವಳನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಗುಟ್ಟು ಹೊರಬಿದ್ದು ಇಮಾಂಬೀಯ ಮನೆಗೆ ಬೆಂಕಿ ಬಿದ್ದರೆ ಏನು ಗತಿ ಎಂದು ಅವನು ಲೆಕ್ಕ ಹಾಕಿದ. ಗುಂಡು ತಿಂದವನು ಬದುಕುತ್ತಾನೆಂದು ಏನು ಗ್ಯಾರಂಟಿ, ಸುಮ್ಮನೆ ಆಸೆ ಹುಟ್ಟಿಸಿ ಎರಡು ಸಲ ಯಾಕೆ ಕೊಲ್ಲಬೇಕು ಎಂದೂ ಅಂದುಕೊಂಡ. ಮನಸ್ಸಿಗೆ ಬೇಕಾದರೆ ನೆಪಗಳಿಗೇನು ದುಡ್ಡೇ? ಆ ಹೊತ್ತಿನಲ್ಲೂ ಅವನ ಕಣ್ಣು ಅವಳ ಮುಷ್ಟಿಯ ಮೇಲಿತ್ತು.

"ನೋಡೋಣವ್ವಾ. ವಿಚಾರಸ್ತೀನಿ" ಎಂದು ಹೇಳಿ ಹೊರಬಿದ್ದ.

ಆ ವಾರ ಹತ್ತಿಯ ಕೆಲಸ ಹೆಚ್ಚಾಯಿತೆಂದು ಸಿರುಗುಪ್ಪಕ್ಕೆ ಹೋಗಲಿಲ್ಲ. ಮರುವಾರ ಮಳೆಗೆ ದಾರಿ ಕೆಟ್ಟಿದೆ ಎಂದ. ಶ್ರಾವಣ ಹುಟ್ಟಿದ ಮೇಲೆ ದಾರಿ ತಾನಾಗಿ ನೆಟ್ಟಗಾಯಿತು.

ಗೋದಾಮಿನ ಬಾಗಿಲಲ್ಲೇ ಎರ್ರಮ್ಮ ನಿಂತಿದ್ದಳು. ಹಣೆ ಬೋಳಾಗಿತ್ತು, ಕೈ ಬೋಳಾಗಿತ್ತು, ಬಳೆ ಒಡೆದ ಕಡೆ ಮಣಿಕಟ್ಟಿನಲ್ಲಿ ಗಾಯವಿತ್ತು. ಸೆರಗಿನ ಗಂಟು ಬಿಚ್ಚಿ ತಾಳಿಯನ್ನು ಅವನ ಮುಂದೆ ಹಿಡಿದಳು.

"ಇದನ್ನ ಕರಗಸಾಕ ನನಗ ಕೈ ಬರಲಿಲ್ರಿ. ಮುಂಡಿ ಹತ್ರ ಇದು ಇರಬಾರ್ದು. ನಿಮಗ ಇದರ ಮ್ಯಾಲ ಮನಸೈತಿ, ಜ್ವಾಕಿ ಮಾಡ್ತೀರಿ. ನನಗೇನೂ ಕೊಡಬ್ಯಾಡ್ರಿ."

ಆಗಲೂ ಸಮಯ ಮೀರಿರಲಿಲ್ಲ. ಅವನು ಕೈ ಚಾಚಿದ. ತಾಳಿ ಅಂಗೈಯಲ್ಲಿ ಬೆಚ್ಚಗಿತ್ತು.

ಮನೆಯಲ್ಲಿ ಅದನ್ನು ಕಂಡ ಜಂಬಮ್ಮ ಮುಟ್ಟಲಿಲ್ಲ. "ಯಾರ ಕೊಳ್ಳಾಗಿಂದು?" ಎಂದಳು. ಎರ್ರಮ್ಮನದೆಂದು ತಿಳಿದು ಲೊಚಗುಟ್ಟಿ, "ಹಂಗಾರ ಆಕಿ ಗಂಡ ಹೋಗಿದ್ದು ಖರೇನ?" ಎಂದು ಕೇಳಿದಳು.

"ಹೂಂ" ಎಂದ ಚಿದಾನಂದಪ್ಪ.

ಅಷ್ಟು ದಿನ ಸುಮ್ಮನಿದ್ದದ್ದೇ ಅವನ ತಪ್ಪಾಗಿತ್ತು. ಮಾರೆಣ್ಣ ಸತ್ತನೆಂದು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು, ಅದೂ ಕಟ್ಟಿಕೊಂಡ ಹೆಂಡತಿಗೆ. ಜಂಬಮ್ಮ ತನ್ನ ತಾಳಿಯನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದಳು. ಅವನು ಬೀರುವಿನ ಬಾಗಿಲು ತೆಗೆದ. ಆದರೆ ಅಲ್ಲಿಡಲು ಮನಸ್ಸಾಗಲಿಲ್ಲ. ಅಂಗಿಯ ಒಳಜೇಬಿಗೆ ಹಾಕಿಕೊಂಡ. ಆ ದಿನದಿಂದ ಅವನಿಗೆ ಅನ್ನ ರುಚಿಸಲಿಲ್ಲ. ಅಂಗಡಿಯ ಮುಂದೆ ಯಾರಾದರೂ ಕುಂಟುತ್ತ ಹೋದರೆ ಎದ್ದು ಒಳಗೆ ಸೇರಿಕೊಳ್ಳುತ್ತಿದ್ದ. ಮಾರೆಣ್ಣ ಬರಬಾರದೆಂದು ಬೇಡಿಕೊಳ್ಳಲು ಹೆದರಿದ, ಬರಲೆಂದು ಬೇಡಿಕೊಳ್ಳಲು ಬಾಯಿ ಬರಲಿಲ್ಲ.

ಭಾದ್ರಪದದಲ್ಲಿ ದಿಲ್ಲಿಯ ದಂಡು ನಿಜಾಮನ ಸೀಮೆಗೆ ನುಗ್ಗಿತು. ಕೆಲವೇ ದಿನಗಳಲ್ಲಿ ಗಲಭೆ ನಿಂತು, ಜನ ಊರಿಗೆ ಮರಳಲು ಗಂಟು ಕಟ್ಟಿದರು. ಅವರನ್ನು ಕಳಿಸಿಕೊಡಲು ಚಿದಾನಂದಪ್ಪ ಹೋದ ದಿನವೇ ಮಾಬುಸಾಬನ ಹೆಗಲ ಮೇಲೆ ಕೈ ಹಾಕಿ, ಒಂದು ಕಾಲು ಎಳೆಯುತ್ತ ಮಾರೆಣ್ಣ ಗೋದಾಮಿನ ಅಂಗಳಕ್ಕೆ ಬಂದ. ಬಂದವನು ನೆಟ್ಟಗೆ ಚಿದಾನಂದಪ್ಪನ ಎರಡೂ ಕೈ ಹಿಡಿದುಕೊಂಡ.

"ಸಾವ್ಕಾರ್ರ, ನನ್ನ ಸುದ್ದಿ ಮುಟ್ಟಿಸಿ ಆಕಿ ಜೀವ ಉಳಿಸಿದ್ರಿ. ನಿಮ್ಮ ಉಪಕಾರ ನಾ ಹ್ಯಾಂಗ ತೀರಸ್ಲಿ?"

ಅಷ್ಟರಲ್ಲಿ ಎರ್ರಮ್ಮ ಒಳಗಿಂದ ಬಂದಳು. ಗಂಡನನ್ನು ಕಂಡು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅವನು ಅವಳ ಹಣೆ ನೋಡಿದ, ಕೊರಳು ನೋಡಿದ.

"ಏನಬೇ ಇದು? ನಾ ಇನ್ನೂ ಜೀವಂತ ಅದೀನಿ. ಯಾಕ ಹಿಂಗ ಮಾಡ್ಕೊಂಡಿ?"

"ನೀ ಅದೀ ಅಂತ ನನಗ ಯಾರು ಹೇಳಿದ್ರು?" ಎಂದು ಎರ್ರಮ್ಮ ಕೂಗಿದಳು. "ಹೊಳಿ ದಂಡ್ಯಾಗ ಕುಂದ್ರಿಸಿ ಬಳಿ ಒಡದ್ರು. ನಿನ್ನ ಹೆಸರ್ಲೆ ನೀರು ಬಿಟ್ಟೆ."

ಮಾಬುಸಾಬ್ ನಿಧಾನವಾಗಿ ಚಿದಾನಂದಪ್ಪನ ಕಡೆ ತಿರುಗಿದ. "ಸಾವ್ಕಾರ್ರ, ಮೂಟಿ ಇಳಸಾಕ ಹತ್ತಿದಾಗ ನಾ ನಿಮಗ ಹೇಳಿದ್ನಲ್ರಿ? ಆಕಿಗೆ ಹೇಳ್ತೀನಿ ಅಂದ್ರಲ್ರಿ?"

ಮಾರೆಣ್ಣ ಹಿಡಿದಿದ್ದ ಕೈಗಳನ್ನು ಬಿಟ್ಟ. ಚಿದಾನಂದಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಕೆಲಸದ ಗದ್ದಲದಾಗ... ಮರತೆ" ಎಂದು ತೊದಲಿದ. ಆ ಮಾತನ್ನು ಅಲ್ಲಿದ್ದ ಕೂಸು ಕೂಡ ನಂಬಲಿಲ್ಲ. ಅವಸರವಾಗಿ ಒಳಜೇಬಿಗೆ ಕೈ ಹಾಕಿ ತಾಳಿ ತೆಗೆದು ಎರ್ರಮ್ಮನ ಮುಂದೆ ಹಿಡಿದ.

"ತಗೊಳ್ಳವ್ವಾ. ಹ್ಯಾಂಗಿತ್ತೋ ಹಾಂಗ ಐತಿ. ಇವನ ಕೈಲೆ ಕಟ್ಟಿಸ್ಕೊ."

ಎರ್ರಮ್ಮ ತಾಳಿಯನ್ನು ನೋಡಿದಳು, ಆಮೇಲೆ ಅವನ ಮುಖವನ್ನು ನೋಡಿದಳು. ಅವಳಿಗೆ ಎಲ್ಲವೂ ತಿಳಿದುಹೋಯಿತೆಂದು ಚಿದಾನಂದಪ್ಪನಿಗೂ ತಿಳಿಯಿತು.

"ಹ್ಯಾಂಗಿತ್ತೋ ಹಾಂಗ ಇಲ್ರೀ ಎಪ್ಪಾ. ಇದನ್ನ ಹಾಕ್ಕೊಂಡು ಒಬ್ಬಾಕಿ ಮುಂಡಿ ಆದ್ಲು. ಇನ್ನ ಇದನ್ನ ನಾ ಕಟ್ಕೊಳ್ಳಾಂಗಿಲ್ಲ, ನಾಳೆ ಬರೋ ಸೊಸಿಗೂ ಹಾಕಾಂಗಿಲ್ಲ. ನೀವು ಬಯಸಿದ್ದು, ನೀವೇ ಇಟ್ಕೊಳ್ರಿ."

ದೊಡ್ಡಬಸಮ್ಮ ಕಣ್ಣೊರೆಸಿಕೊಳ್ಳುತ್ತ ಒಳಗಿಂದ ಒಂದು ಅರಿಶಿನದ ಕೊಂಬು ತಂದಳು. ಹಸಿ ದಾರಕ್ಕೆ ಅರಿಶಿನ ಹಚ್ಚಿ ಕೊಂಬನ್ನು ಕಟ್ಟಿದಳು. ಮಾರೆಣ್ಣ ಒಂದೇ ಕಾಲ ಮೇಲೆ ನಿಂತು ಅದನ್ನು ಹೆಂಡತಿಯ ಕೊರಳಿಗೆ ಬಿಗಿದ. ಅವಳ ಹಣೆಗೆ ಕುಂಕುಮ ಬಂತು, ಕೈಗೆ ಯಾರದೋ ಎರಡು ಹಸಿರು ಬಳೆ ಬಂದವು. ಜೋಳದ ಕಾಳಿಗೇ ಅರಿಶಿನ ಹಚ್ಚಿ ಹೆಂಗಸರು ಅಕ್ಷತೆ ಹಾಕಿದರು. ಮಾಬುಸಾಬನೂ ಒಂದು ಹಿಡಿ ಹಾಕಿದ.

ಎರ್ರಮ್ಮ ಹಿರಿಯರ ಕಾಲಿಗೆ ಬೀಳುತ್ತ ಬಂದಳು. ಪ್ರತಿಯೊಬ್ಬರೂ ಅವಳ ತಲೆ ಮುಟ್ಟಿ, "ಮುತ್ತೈದಿಯಾಗಿ ಬಾಳವ್ವಾ" ಎಂದರು. ಚಿದಾನಂದಪ್ಪ ಗೋಡೆಗೆ ಸರಿದು ನಿಂತಿದ್ದ. ತನ್ನನ್ನು ಬಿಟ್ಟು ಹೋಗುತ್ತಾಳೆಂದುಕೊಂಡಿದ್ದ, ಹಾಗೆ ಹೋಗಲೆಂದು ಬಯಸಿದ್ದ. ಅವಳು ಅವನ ಮುಂದೆಯೂ ಬಂದು ನಿಂತಳು.

"ಇಷ್ಟು ದಿನ ನಿಮ್ಮ ಜ್ವಾಳ ಉಂಡೀನ್ರಿ" ಎಂದು ಹೇಳಿ, ಬಗ್ಗಿ ಅವನ ಪಾದದ ಮೇಲೆ ಹಣೆ ಇಟ್ಟಳು.

ಆಡಬೇಕಾದ ಮಾತು ಒಂದೇ. ಊರಿನ ಯಾವ ಮುದುಕನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಬಾಯಿಗೆ ಬರುವ ಮಾತು. ಚಿದಾನಂದಪ್ಪ ಬಾಯಿ ತೆರೆದ. ಮುಚ್ಚಿದ. ಮುಷ್ಟಿಯಲ್ಲಿ ತಾಳಿ ಇದ್ದುದರಿಂದ ಅವಳ ತಲೆ ಮುಟ್ಟಲು ಕೈ ಬಿಡಿಸಲಾಗಲಿಲ್ಲ. ಅವಳು ಏಳಲಿಲ್ಲ, ಕಾಯುತ್ತಿದ್ದಳು. ಅಂಗಳದಲ್ಲಿ ಗಂಟು ಕಟ್ಟುತ್ತಿದ್ದವರೂ ಕೈ ನಿಲ್ಲಿಸಿ ನೋಡಿದರು.

ಕೊನೆಗೆ ದೊಡ್ಡಬಸಮ್ಮನೇ ಬಂದು ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

"ಏಳ ತಂಗಿ. ಹರಿಗೋಲು ಕಾಯಾಕ ಹತ್ತೈತಿ. ಇವರ ಬಾಯಾಗ ಆ ಮಾತು ಬರಾಂಗಿಲ್ಲ."